ಹಾರ್ಡ್ ಡಿಸ್ಕಿನ ಹನ್ನೊಂದನೇ ಕಲಂ

ಚನ್ನಗಿರಿಯಾಗಲಿ ಜಗಳೂರಾಗಲಿ, ಕೆಟ್ಟ ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಹೊತ್ತು ತಂದವರು ಮೊದಲು ಆಡುವ ಮಾತು "ನಿನ್ನೆ ಸಂಜೆವರೆಗೂ ಚೆನ್ನಾಗಿತ್ತು" ಎಂಬುದು. ಅವರ ಮಟ್ಟಿಗೆ ಅದು ನಿಜವೇ. ಪರದೆ ಹೊತ್ತಿಕೊಳ್ಳುತ್ತಿತ್ತು, ಪ್ರಿಂಟ್ ಬರುತ್ತಿತ್ತು, ಟ್ಯಾಲಿ ತೆರೆದುಕೊಳ್ಳುತ್ತಿತ್ತು. ಆದರೆ ಅದೇ ಪೆಟ್ಟಿಗೆಯೊಳಗೆ ವಾರಗಳಿಂದ, ಕೆಲವು ಸಲ ತಿಂಗಳುಗಳಿಂದ, ಬೇರೊಂದು ಕಥೆ ಸಾಲುಸಾಲಾಗಿ ದಾಖಲಾಗುತ್ತ ಬಂದಿರುತ್ತದೆ: ಇಂಥ ದಿನ, ಇಷ್ಟು ಗಂಟೆಗೆ, ಇಂಥ ಜಾಗದ ಮಾಹಿತಿ ಓದಲು ಆಗಲಿಲ್ಲ, ಮತ್ತೆ ಯತ್ನಿಸಿದೆ, ಎರಡನೇ ಸಲಕ್ಕೆ ಸಿಕ್ಕಿತು. ಬರೆಯುವ ಕೆಲಸವನ್ನು ಯಂತ್ರ ಚಾಚೂ ತಪ್ಪದೆ ಮಾಡಿದೆ. ಓದುವ ಕೆಲಸ ಯಾರದು ಎಂದು ಮಾತ್ರ ಯಾರೂ ಗೊತ್ತುಮಾಡಿಲ್ಲ.

ದಾವಣಗೆರೆ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಡಿಸ್ಕ್ ಕೆಟ್ಟರೆ ಏನು ಮಹಾ ಹೋಗುತ್ತದೆ ಎಂದು ಕೇಳಬಹುದು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಹತ್ತಿದವು. ಆಗ ಸರ್ವರ್ ಇದ್ದದ್ದು ತಾಲ್ಲೂಕು ಕಚೇರಿಯಲ್ಲೇ. ಕಿಟಕಿಯಲ್ಲಿ ಕಿಯೋಸ್ಕ್, ರೈತನಿಗೂ ಕಾಣುವಂತೆ ತಿರುಗಿಸಿಟ್ಟ ಇನ್ನೊಂದು ಪರದೆ, ಪ್ರತಿಗೆ 15 ರೂಪಾಯಿ. ಆ ದಿನಗಳಲ್ಲಿ ತಾಲ್ಲೂಕು ಕಚೇರಿಯ ಒಂದು ಡಿಸ್ಕ್ ಮಲಗಿದರೆ ಇಡೀ ತಾಲ್ಲೂಕಿನ ಪಹಣಿ ಮಲಗುತ್ತಿತ್ತು. ಮುಂದೆ ಆ ದತ್ತಾಂಶವೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು. 2017-18ರ ಬಜೆಟ್‌ನಲ್ಲಿ ಘೋಷಣೆಯಾಗಿ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಗುವ ಹೊತ್ತಿಗೆ ಪಹಣಿಯ ಮಟ್ಟಿಗೆ ಸ್ಥಳೀಯ ಡಿಸ್ಕಿನ ಭಯ ಉಳಿದಿರಲಿಲ್ಲ.

ಉಳಿದದ್ದು ಮಿಕ್ಕೆಲ್ಲದರ ಭಯ. ಅಡಿಕೆ ವ್ಯಾಪಾರಿಯ ಲೆಕ್ಕ, ಸಹಕಾರ ಸಂಘದ ಸಾಲದ ಖಾತೆ, ಡಿಟಿಪಿ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕೂಡಿಬಿದ್ದ ನುಡಿ ಅಕ್ಷರದ ಕರಾರುಪತ್ರಗಳು, ಶಾಲೆಯ ದಾಖಲಾತಿ, ಫೋಟೋ ಸ್ಟುಡಿಯೋದ ಮದುವೆಗಳು, ಗೋದಾಮಿನ ಸಿಸಿಟಿವಿ. ಇವಕ್ಕೆ ದತ್ತಾಂಶ ಕೇಂದ್ರವಿಲ್ಲ. ಇರುವುದು ಒಂದು ಡಿಸ್ಕ್, ಅದರ ಮೇಲೊಂದು ಗಣಪತಿ ಸ್ಟಿಕ್ಕರ್.

ಡಿಸ್ಕಿನ ಆರೋಗ್ಯದ ದಾಖಲೆ ಎರಡು ಕಡೆ ಇರುತ್ತದೆ. ಒಂದನ್ನು ಆಪರೇಟಿಂಗ್ ಸಿಸ್ಟಮ್ ಬರೆಯುತ್ತದೆ, ಇನ್ನೊಂದನ್ನು ಡಿಸ್ಕ್ ತನ್ನೊಳಗೆ ತಾನೇ ಬರೆದುಕೊಳ್ಳುತ್ತದೆ. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಅರ್ಧ ಗೊಂದಲ ಹುಟ್ಟುತ್ತದೆ.

ವಿಂಡೋಸ್‌ನಲ್ಲಿ ಮೊದಲನೆಯದು ಸಿಗುವುದು ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ. 'ಡಿಸ್ಕ್' ಎಂಬ ಮೂಲದ ಹೆಸರಿನಲ್ಲಿ ಬರುವ ಸಂಖ್ಯೆಗಳು ಕೆಲವೇ. 7 ಎಂದರೆ ಬ್ಯಾಡ್ ಬ್ಲಾಕ್ ಸಿಕ್ಕಿದೆ. 11 ಎಂದರೆ ಕಂಟ್ರೋಲರ್ ಕಡೆಯಿಂದ ತೊಂದರೆ. 51 ಎಂದರೆ ಪೇಜಿಂಗ್, ಅಂದರೆ ನೆನಪಿಗೂ ಡಿಸ್ಕಿಗೂ ನಡುವಿನ ಮಾಹಿತಿ ಸಾಗಾಟ, ನಡೆಯುವಾಗ ಎಡವಟ್ಟಾಗಿದೆ. 153 ಎಂದರೆ ಓದುವ ಅಥವಾ ಬರೆಯುವ ಕೆಲಸವೊಂದನ್ನು ಎರಡನೇ ಸಲ ಮಾಡಬೇಕಾಯಿತು. 52 ಅಪರೂಪ, ಬಂದರೆ ಗಂಭೀರ: ತಾನು ಸದ್ಯದಲ್ಲೇ ಕೆಡುತ್ತೇನೆಂದು ಡಿಸ್ಕೇ ಹೇಳಿಕೊಂಡಿದೆ ಎಂದರ್ಥ. ಇವುಗಳ ಜೊತೆಗೆ ಎನ್‌ಟಿಎಫ್‌ಎಸ್ ಹೆಸರಿನಲ್ಲಿ 55 ಬಂದರೆ ಕಡತ ವ್ಯವಸ್ಥೆಯ ರಚನೆಗೇ ಪೆಟ್ಟು ಬಿದ್ದಿದೆ. ಡಿಸ್ಕಿನ ಹೆಚ್ಚಿನ ಸಾಲುಗಳಲ್ಲಿ ಸಾಧನದ ಹೆಸರು '\ಡಿವೈಸ್\ಹಾರ್ಡ್‌ಡಿಸ್ಕ್0\ಡಿಆರ್0' ಎಂಬ ಧಾಟಿಯಲ್ಲಿರುತ್ತದೆ. ಇಲ್ಲಿ ಕಣ್ಣಿಡಬೇಕಾದದ್ದು ಕೊನೆಯ ಅಂಕಿಯ ಮೇಲೆ. ಪೆನ್ ಡ್ರೈವ್ ಚುಚ್ಚಿದ ಹಾಗೆಲ್ಲ ಡಿಆರ್ ಅಂಕಿ ಏರುತ್ತ ಹೋಗುತ್ತದೆ. 'ಹಾರ್ಡ್‌ಡಿಸ್ಕ್1\ಡಿಆರ್14' ಎಂದು ಹತ್ತಾರು 51 ಕಂಡರೆ, ಯಾರೋ ಪೆನ್ ಡ್ರೈವನ್ನು ಕೇಳದೆ ಕಿತ್ತಿದ್ದಾರೆ ಅಷ್ಟೆ. ಇದನ್ನು ನೋಡದೆ ಒಳಗಿನ ಡಿಸ್ಕನ್ನೇ ಬದಲಿಸಿಕೊಂಡವರಿದ್ದಾರೆ.

ಎರಡನೆಯ ದಾಖಲೆಗೆ ಸ್ಮಾರ್ಟ್ ಎಂದು ಹೆಸರು. 1992ರಲ್ಲಿ ಐಬಿಎಂ ತನ್ನ ಡಿಸ್ಕುಗಳಿಗೆ ಮುನ್ಸೂಚನೆಯ ವ್ಯವಸ್ಥೆಯೊಂದನ್ನು ಸೇರಿಸಿತು. 1995ರಲ್ಲಿ ಕಾಂಪ್ಯಾಕ್ ಕಂಪನಿ ಡಿಸ್ಕ್ ತಯಾರಕರೊಡನೆ ಕೂಡಿ ತಾನು ರೂಪಿಸಿದ್ದನ್ನು ಸಾರ್ವತ್ರಿಕ ಮಾನದಂಡವಾಗಲೆಂದು ಮುಂದಿಟ್ಟಿತು. ಇವೆರಡೂ ಕೂಡಿ ಇಂದಿನ ಸ್ಮಾರ್ಟ್ ಆಯಿತು. ಡಿಸ್ಕ್ ತನ್ನೊಳಗೆ ಎಣಿಕೆಗಳ ಒಂದು ಕೋಷ್ಟಕ ಇಟ್ಟುಕೊಳ್ಳುತ್ತದೆ. 5ನೇ ಸಾಲು, ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರುಗಳು. 9, ಎಷ್ಟು ಗಂಟೆ ಓಡಿದೆ. 12, ಎಷ್ಟು ಸಲ ಆನ್ ಆಗಿದೆ. 192, ಎಷ್ಟು ಸಲ ವಿದ್ಯುತ್ ದಿಢೀರನೆ ಹೋಗಿ ಹೆಡ್ಡನ್ನು ಅವಸರದಲ್ಲಿ ಹಿಂದಕ್ಕೆಳೆದುಕೊಳ್ಳಬೇಕಾಯಿತು. 197, ಓದಲಾಗದೆ 'ನೋಡೋಣ' ಎಂದು ತಡೆಹಿಡಿದ ಸೆಕ್ಟರುಗಳು. 199, ಕೇಬಲ್ ದಾರಿಯಲ್ಲಿ ಕೆಟ್ಟು ಬಂದ ಮಾಹಿತಿ.

ಇದರ ಪಕ್ಕದಲ್ಲಿ 'ಓಕೆ' ಅಥವಾ 'ಗುಡ್' ಎಂಬ ಒಂದು ಪದವೂ ಇರುತ್ತದೆ. ಬಹಳ ಮಂದಿ ಓದುವುದು ಅದೊಂದನ್ನೇ. ಜಮೀನು ಕೊಳ್ಳಲು ಹೊರಟವನು ಪಹಣಿಯ 9ನೇ ಕಲಂನಲ್ಲಿ ಮಾಲೀಕನ ಹೆಸರು ಸರಿಯಿದೆ ಎಂದು ನೋಡಿ, ಸಾಲ, ಋಣಗಳಿರುವ 11ನೇ ಕಲಂ ಬಿಟ್ಟು ಎದ್ದುಬಂದ ಹಾಗೆ. ಆ 'ಓಕೆ' ಹುಟ್ಟುವ ಬಗೆಯೇ ಹಾಗಿದೆ: ಪ್ರತಿ ಎಣಿಕೆಗೂ ತಯಾರಕ ಒಂದು ಮಿತಿ ಇಟ್ಟಿರುತ್ತಾನೆ, 100ರಿಂದಲೋ 200ರಿಂದಲೋ ಇಳಿಯುತ್ತ ಬರುವ ಅಂಕ ಆ ಮಿತಿ ಮುಟ್ಟಿದರೆ ಮಾತ್ರ 'ಕೆಟ್ಟಿದೆ' ಎನ್ನುತ್ತದೆ. ಮಿತಿ ಎಲ್ಲಿರಬೇಕೆಂದು ಗೊತ್ತುಮಾಡುವವನೇ ವಾರಂಟಿ ಕೊಡಬೇಕಾದವನೂ ಹೌದು ಎಂಬುದನ್ನು ಮರೆಯಬಾರದು. ನೂರಾರು ಸೆಕ್ಟರು ಕೆಟ್ಟ ಮೇಲೂ 'ಓಕೆ' ಎನ್ನುವ ಡಿಸ್ಕುಗಳುಂಟು. ಆದ್ದರಿಂದಲೇ ನಮ್ಮ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಯಾರಕನ ಮಿತಿಗೆ ಕಾಯದೆ 5, 197ರಂಥ ಸಾಲುಗಳಲ್ಲಿ ಒಂದು ಬಂದರೂ ಹಳದಿ ಬಣ್ಣ ತೋರಿಸುತ್ತದೆ. ಹಳದಿ ಕಂಡವರು ಗಾಬರಿಯಾಗುತ್ತಾರೆ, ಒಳ್ಳೆಯದೇ.

ಈ ಎಣಿಕೆಗಳು ಭವಿಷ್ಯ ಹೇಳುತ್ತವೆಯೇ? ಇದರ ಬಗ್ಗೆ ಚೆನ್ನಾದ ಅಧ್ಯಯನಗಳಿವೆ. 2007ರಲ್ಲಿ ಗೂಗಲ್‌ನ ಪಿನೆರೊ, ವೆಬರ್, ಬರೋಸೊ ಎಂಬ ಮೂವರು 1 ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ನೋಡಿ ಬರೆದ ಪ್ರಬಂಧ ಇಂದಿಗೂ ಹಳತಾಗಿಲ್ಲ. ತಪಾಸಣೆಯಲ್ಲಿ ಮೊದಲ ದೋಷ ಕಾಣಿಸಿಕೊಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು ಎಂದು ಅವರು ಕಂಡರು. ಅದೇ ಪ್ರಬಂಧದ ಇನ್ನೊಂದು ಮಾತೂ ಅಷ್ಟೇ ತೂಕದ್ದು: ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಶೇ 56ರಷ್ಟು, ಮುಖ್ಯವಾದ ನಾಲ್ಕು ಎಣಿಕೆಗಳಲ್ಲಿ ಯಾವುದರಲ್ಲೂ ಏನನ್ನೂ ತೋರಿಸದೆ ಸತ್ತಿದ್ದವು. ಬ್ಯಾಕ್‌ಬ್ಲೇಜ್ ಎಂಬ ಸಂಗ್ರಹ ಕಂಪನಿ 2016ರಲ್ಲಿ ತನ್ನ ಅಂಕಿ ಕೊಟ್ಟಿತು. ಐದು ಎಣಿಕೆಗಳಲ್ಲಿ ಒಂದಾದರೂ ಸೊನ್ನೆ ದಾಟಿದ್ದು ಕೆಟ್ಟ ಡಿಸ್ಕುಗಳಲ್ಲಿ ಶೇ 76.7, ನೆಟ್ಟಗೆ ಓಡುತ್ತಿರುವವುಗಳಲ್ಲಿ ಶೇ 4.2. ಅಂದರೆ ಎಣಿಕೆ ಏರಿದರೆ ನಂಬಿ, ಏರದಿದ್ದರೆ ನಂಬಬೇಡಿ.

ಜಗಳೂರಿನ ಬಿಸಿಲಿನ ಮೇಲೆ ತಪ್ಪು ಹಾಕುವವರಿಗೂ ಗೂಗಲ್ ಪ್ರಬಂಧದಲ್ಲಿ ಉತ್ತರವಿದೆ. ತೀರ ಹೆಚ್ಚಿನ ಶಾಖದಲ್ಲಿ, ಅದೂ ವಯಸ್ಸಾದ ಡಿಸ್ಕುಗಳಲ್ಲಿ ಬಿಟ್ಟರೆ, ಶಾಖಕ್ಕೂ ಕೆಡುವುದಕ್ಕೂ ಜನ ಎಣಿಸುವಷ್ಟು ನಂಟು ಅವರಿಗೆ ಕಾಣಲಿಲ್ಲ.

ಎಸ್‌ಎಸ್‌ಡಿಗಳ ಕಥೆ ಬೇರೆ. 2016ರಲ್ಲಿ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಸಹಲೇಖಕರು ಕಂಡಂತೆ, ಅವನ್ನು ಕಿತ್ತು ಬದಲಿಸಬೇಕಾದ ಪ್ರಸಂಗ ಹಾರ್ಡ್ ಡಿಸ್ಕಿಗಿಂತ ಕಡಿಮೆ. ಆದರೆ ನಾಲ್ಕು ವರ್ಷದಲ್ಲಿ ಶೇ 20ರಿಂದ 63ರಷ್ಟು ಎಸ್‌ಎಸ್‌ಡಿಗಳು ಒಂದಾದರೂ ಸರಿಪಡಿಸಲಾಗದ ದೋಷ ತೋರಿದವು. ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡಿ ಸಾಯುತ್ತದೆ. ಅಗ್ಗದ ಎಸ್‌ಎಸ್‌ಡಿ ಒಂದು ಬೆಳಿಗ್ಗೆ ಬಯೋಸ್‌ನಲ್ಲಿ ಕಾಣಿಸುವುದೇ ಇಲ್ಲ.

ಹಾಗಿದ್ದರೆ ಈ ದಾಖಲೆಯಿಂದ ಪ್ರಯೋಜನವೇನು? ಈ ವಿಷಯದ ಬರಹಗಳೆಲ್ಲ ಮುನ್ಸೂಚನೆಯ ಸುತ್ತಲೇ ಸುತ್ತುತ್ತವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಪಂಚನಾಮೆಯ ಕೆಲಸ: ಕೆಟ್ಟದ್ದು ಯಾವುದು, ಕೆಡಿಸಿದ್ದು ಯಾವುದು. ಸಾವಿರ ಡಿಸ್ಕುಗಳಿರುವವನಿಗೆ ಇದು ಮುಖ್ಯವಲ್ಲ, ಕಿತ್ತೆಸೆದು ಹೊಸದು ಹಾಕುತ್ತಾನೆ. ಒಂದೇ ಡಿಸ್ಕ್ ಇರುವ ನ್ಯಾಮತಿಯ ಅಂಗಡಿಗೆ ಇದೇ ಮುಖ್ಯ, ಏಕೆಂದರೆ ಕಾರಣ ತಿಳಿಯದೆ ಹಾಕಿದ ಹೊಸ ಡಿಸ್ಕೂ ಅದೇ ದಾರಿ ಹಿಡಿಯುತ್ತದೆ.

ಒಂದು ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆಗುತ್ತಿದೆ ಎನ್ನಿ. ಈವೆಂಟ್ ವ್ಯೂವರ್‌ನಲ್ಲಿ 153 ಸಾಲುಗಟ್ಟಿ ನಿಂತಿವೆ. ಸ್ಮಾರ್ಟ್ ಕೋಷ್ಟಕದಲ್ಲಿ 5 ಮತ್ತು 197 ಸೊನ್ನೆ, 199 ಮಾತ್ರ ಸಾವಿರ ದಾಟಿದೆ. ಆಗ ಡಿಸ್ಕ್ ನಿರಪರಾಧಿ, ಬಹುತೇಕ ನೂರು ರೂಪಾಯಿ ಆಸುಪಾಸಿನ ಸಾಟಾ ಕೇಬಲ್ಲಿನ ತಪ್ಪು. ಕೇಬಲ್ ಬದಲಿಸಿದ ಮೇಲೂ 199 ಇಳಿಯುವುದಿಲ್ಲ, ಅದು ಒಟ್ಟು ಎಣಿಕೆ; ಅಲ್ಲಿಗೇ ನಿಂತಿತೇ ಎಂದು ನೋಡಬೇಕು. ಇನ್ನೊಂದು ಯಂತ್ರದಲ್ಲಿ 192ರ ಎಣಿಕೆ 12ರ ಎಣಿಕೆಗೆ ಹತ್ತಿರ ಹತ್ತಿರ ಬಂದಿದೆ. ಅಂದರೆ ಆನ್ ಆದ ಹೆಚ್ಚಿನ ಸಲವೂ ಅದು ಶಟ್‌ಡೌನ್ ಕಾಣದೆ ಕರೆಂಟ್ ಹೋಗಿಯೇ ಆಫ್ ಆಗಿದೆ. (ಕೆಲವು ತಯಾರಕರು ಮಾಮೂಲಿ ಶಟ್‌ಡೌನನ್ನೂ ಇದರಲ್ಲೇ ಎಣಿಸುತ್ತಾರೆ, ಆದ್ದರಿಂದ ಅದೇ ಮಾದರಿಯ ಇನ್ನೊಂದು ಡಿಸ್ಕಿನ ಜೊತೆ ತಾಳೆ ನೋಡಬೇಕು.) ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ಇದಕ್ಕೆ 'ಅನ್‌ಸೇಫ್ ಶಟ್‌ಡೌನ್ಸ್' ಎಂಬ ಪ್ರತ್ಯೇಕ ಸಾಲೇ ಇದೆ. ಅಲ್ಲಿ ಬೇಕಾದದ್ದು ಹೊಸ ಡಿಸ್ಕಲ್ಲ, ಯುಪಿಎಸ್‌ನ ಹೊಸ ಬ್ಯಾಟರಿ. ಮೂರನೆಯದರಲ್ಲಿ 197 ದಿನದಿನಕ್ಕೂ ಏರುತ್ತಿದೆ. ಅಲ್ಲಿ ತಟ್ಟೆಯ ಮೇಲ್ಮೈಯೇ ಹೋಗುತ್ತಿದೆ, ಮಾಡುತ್ತಿರುವ ಕೆಲಸ ನಿಲ್ಲಿಸಿ ಮೊದಲು ನಕಲು ತೆಗೆಯಬೇಕು. ಮೂರಕ್ಕೂ ಗಿರಾಕಿ ಹೇಳುವುದು ಒಂದೇ: ಸಿಸ್ಟಮ್ ಸ್ಲೋ ಆಗಿದೆ.

ಮೂರಕ್ಕೂ ಅಂಗಡಿಯಲ್ಲಿ ಸಿಗುವ ಮದ್ದೂ ಒಂದೇ: "ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕೋಣ." ಈ ಪದ್ಧತಿ ಇಷ್ಟು ಗಟ್ಟಿಯಾಗಿ ಬೇರೂರಿದ್ದಕ್ಕೂ ಕಾರಣವಿದೆ, ಅದು ಕೆಲವು ಸಲ ನಿಜಕ್ಕೂ ಫಲ ಕೊಡುತ್ತದೆ. ಪೂರ್ತಿ ಫಾರ್ಮ್ಯಾಟ್ ಮಾಡಿದಾಗ ವಿಸ್ಟಾದಿಂದ ಈಚಿನ ವಿಂಡೋಸ್ ಆ ಭಾಗದುದ್ದಕ್ಕೂ ಸೊನ್ನೆ ಬರೆಯುತ್ತದೆ. ಓದಲಾಗದೆ 197ರಲ್ಲಿ ಕೂತಿದ್ದ ಸೆಕ್ಟರಿನ ಮೇಲೆ ಹೊಸದಾಗಿ ಬರೆಯಲು ಹೋದಾಗ ಡಿಸ್ಕ್ ತೀರ್ಮಾನಕ್ಕೆ ಬರಲೇಬೇಕು. ಜಾಗ ಚೆನ್ನಾಗಿದ್ದರೆ ಉಳಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಬದಲಿ ಜಾಗ ಕೊಡುತ್ತದೆ. 197 ಸೊನ್ನೆಗಿಳಿಯುತ್ತದೆ, 5 ತುಸು ಏರಬಹುದು, ಕಂಪ್ಯೂಟರ್ ಚುರುಕಾಗುತ್ತದೆ, ಗಿರಾಕಿ ಖುಷಿಯಾಗುತ್ತಾನೆ. ಆದರೆ ಅದೇ ಏಟಿಗೆ ಆಪರೇಟಿಂಗ್ ಸಿಸ್ಟಮ್ ಬರೆದಿಟ್ಟ ಅಷ್ಟೂ ದಾಖಲೆ ಅಳಿಸಿಹೋಗಿರುತ್ತದೆ. ಯಾವ ದಿನ ಶುರುವಾಯಿತು, ಎಷ್ಟು ಸಲ ಬಂತು, ಕರೆಂಟ್ ಹೋದ ಹೊತ್ತಿಗೇ ಬಂತೇ ಎಂಬ ಯಾವುದೂ ಉಳಿಯುವುದಿಲ್ಲ. ಎರಡು ತಿಂಗಳ ಮೇಲೆ ಅದೇ ಕಂಪ್ಯೂಟರ್ ಮತ್ತೆ ಬಂದಾಗ ತನಿಖೆ ಮೊದಲಿನಿಂದ. 197 ಇಳಿದರೂ ಒಳಗಿನ ಸ್ಮಾರ್ಟ್ ಕೋಷ್ಟಕ ಫಾರ್ಮ್ಯಾಟಿಗೆ ಅಳಿಯುವುದಿಲ್ಲ, ಅಷ್ಟು ಪುಣ್ಯ. ಫಾರ್ಮ್ಯಾಟಿಗೆ ಮುಂಚೆ ಈವೆಂಟ್ ವ್ಯೂವರ್‌ನಲ್ಲಿ ಲಾಗನ್ನು ಉಳಿಸಿ ಪೆನ್ ಡ್ರೈವಿಗೆ ಹಾಕಿಕೊಳ್ಳಲು ಎರಡು ನಿಮಿಷ ಸಾಕು.

ಸಿಸ್ಟಮ್ ಲಾಗ್ ಹೇಗೂ ಬಹಳ ದಿನ ಬಾಳುವಂಥದ್ದಲ್ಲ. ವಿಂಡೋಸ್ ಅದಕ್ಕೆ ಮಾಮೂಲಾಗಿ ಕೊಟ್ಟಿರುವ ಜಾಗ 20 ಎಂಬಿ. ತುಂಬಿದ ಮೇಲೆ ಹಳೆಯ ಸಾಲುಗಳ ಮೇಲೇ ಹೊಸವು ಬರುತ್ತವೆ. ಅದಕ್ಕಿಂತ ದೊಡ್ಡ ತೊಡಕೆಂದರೆ ದಾಖಲೆ ಇರುವುದು ಸಾಯುತ್ತಿರುವ ಡಿಸ್ಕಿನ ಮೇಲೆಯೇ. ಲಿನಕ್ಸ್‌ನಲ್ಲಿ ಇದು ಇನ್ನೂ ಸ್ಪಷ್ಟ. ಬೇರು ಕಡತ ವ್ಯವಸ್ಥೆಯಲ್ಲಿ ದೋಷ ಕಂಡರೆ ಅದನ್ನು ಓದಲು ಮಾತ್ರ ಬಿಟ್ಟು ಬರೆಯುವುದನ್ನು ತಡೆಯುವ ಏರ್ಪಾಡು ಅನೇಕ ಕಡೆ ಇರುತ್ತದೆ. ದತ್ತಾಂಶ ಇನ್ನಷ್ಟು ಕೆಡದಿರಲಿ ಎಂಬ ಎಚ್ಚರ ಅದು. ಹಾಗಾದ ಕ್ಷಣದಿಂದ ಲಾಗ್ ಬರೆಯಲೂ ಜಾಗವಿಲ್ಲ. ಅತಿ ಮುಖ್ಯವಾದ ಕೊನೆಯ ಸಾಲುಗಳು ಕರ್ನೆಲ್ಲಿನ ನೆನಪಿನಲ್ಲಷ್ಟೇ ಇರುತ್ತವೆ. ರೀಸ್ಟಾರ್ಟ್ ಒತ್ತಿದರೆ ಅವೂ ಹೋದವು. ದೊಡ್ಡ ಸಂಸ್ಥೆಗಳು ಸಿಸ್‌ಲಾಗ್ ಮೂಲಕ ಪ್ರತಿ ಸಾಲನ್ನೂ ಕೂಡಲೇ ಇನ್ನೊಂದು ಯಂತ್ರಕ್ಕೆ ಕಳಿಸುವುದು ಇದಕ್ಕಾಗಿಯೇ.

ದಾಖಲೆಯೇ ಡಿಸ್ಕನ್ನು ಕೊಂದ ಪ್ರಸಂಗಗಳೂ ಇವೆ. 2008ರ ಕೊನೆಯಲ್ಲಿ ಸೀಗೇಟ್‌ನ ಬರಾಕುಡಾ 7200.11 ಡಿಸ್ಕುಗಳು ಆನ್ ಮಾಡಿದಾಗ ಏಳದೆ ಹೋಗತೊಡಗಿದವು. ಡಿಸ್ಕ್ ತನ್ನೊಳಗೆ ಬರೆದುಕೊಳ್ಳುವ ಈವೆಂಟ್ ಲಾಗ್‌ನ ಎಣಿಕೆ 320ರಂಥ ಕೆಲವು ನಿರ್ದಿಷ್ಟ ಸಂಖ್ಯೆಗಳ ಮೇಲೆ ನಿಂತಿದ್ದಾಗ ಕರೆಂಟ್ ಹೋಗಿ ಬಂದರೆ, ಬೇರೊಂದು ಷರತ್ತೂ ಕೂಡಿಬಂದಲ್ಲಿ, ಫರ್ಮ್‌ವೇರ್ ಅಲ್ಲೇ ಕಟ್ಟಿಹೋಗುತ್ತಿತ್ತು. ಮಾಹಿತಿಯೆಲ್ಲ ತಟ್ಟೆಯ ಮೇಲೆ ಕ್ಷೇಮ, ಆದರೆ ಬಾಗಿಲು ತೆರೆಯದು. 2009ರ ಜನವರಿಯಲ್ಲಿ ತಿದ್ದುಪಡಿ ಬಂತು. ಟೆಸ್ಲಾ ಕಾರುಗಳದ್ದು ಇನ್ನೊಂದು ಬಗೆ. ಹಳೆಯ ಮಾಡೆಲ್ ಎಸ್ ಮತ್ತು ಎಕ್ಸ್‌ಗಳ ಪರದೆಯ ಹಿಂದಿದ್ದ 8 ಜಿಬಿ ಫ್ಲ್ಯಾಶ್ ಚಿಪ್ಪಿನ ಮೇಲೆ ಎಡೆಬಿಡದೆ ಬರೆದೂ ಬರೆದೂ, ಅದರಲ್ಲಿ ಲಾಗ್‌ಗಳ ಪಾಲು ದೊಡ್ಡದು, ಚಿಪ್ಪೇ ಸವೆದುಹೋಯಿತು. 2021ರಲ್ಲಿ ಅಮೆರಿಕದಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ಇದಕ್ಕಾಗಿ ವಾಪಸು ಕರೆಯಬೇಕಾಯಿತು. ಎಸ್‌ಡಿ ಕಾರ್ಡಿನ ಮೇಲೆ ಓಡುವ ಪುಟ್ಟ ಕಂಪ್ಯೂಟರುಗಳನ್ನು ಶಾಲೆಗಳಲ್ಲಿ ಇಟ್ಟವರಿಗೆ ಈ ಪಾಠ ಬೇಕಾದದ್ದು.

ಸೆಕೆಂಡ್ ಹ್ಯಾಂಡ್ ಡಿಸ್ಕುಗಳ ವಿಷಯಕ್ಕೆ ಬಂದರೆ ದಾಖಲೆ ಸಾಕ್ಷಿಕಟ್ಟೆಗೇ ಏರುತ್ತದೆ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಒಂದು ಹಗರಣ ಹೊರಬಿತ್ತು. ಸಾವಿರಾರು ಗಂಟೆ ಓಡಿದ್ದ ಸೀಗೇಟ್ ಡಿಸ್ಕುಗಳ ಸ್ಮಾರ್ಟ್ ಎಣಿಕೆಯನ್ನು ಯಾರೋ ಸೊನ್ನೆ ಮಾಡಿ ಹೊಸದೆಂದು ಮಾರುಕಟ್ಟೆಗೆ ಬಿಟ್ಟಿದ್ದರು. ಸಿಕ್ಕಿಬಿದ್ದದ್ದು ಫಾರ್ಮ್ ಎಂಬ ಇನ್ನೊಂದು ಒಳಲಾಗ್‌ನಿಂದ. ಅದರಲ್ಲಿ ಓಡಿದ ಗಂಟೆಗಳು ಹಾಗೆಯೇ ಉಳಿದಿದ್ದವು. ಸ್ಮಾರ್ಟ್‌ಮೋನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶದ 7.4ನೇ ಆವೃತ್ತಿಯಿಂದ ಇದನ್ನು ಯಾರು ಬೇಕಾದರೂ ಓದಬಹುದು. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಅಗ್ಗದ ಡಿಸ್ಕ್ ತರಿಸಿಕೊಳ್ಳುವ ನಮ್ಮ ಕಡೆಯವರು ಹಣ ಕೊಡುವ ಮುಂಚೆ 9ನೇ ಸಾಲನ್ನೂ, ಸಾಧ್ಯವಾದರೆ ಫಾರ್ಮ್ ಲಾಗನ್ನೂ ನೋಡುವುದು ಲೇಸು.

ಇನ್ನು ಓದುವವರ ಪ್ರಶ್ನೆ. 1960ರ ದಶಕದ ಐಬಿಎಂ ದೊಡ್ಡ ಯಂತ್ರಗಳಲ್ಲೇ ಲಾಗ್‌ರೆಕ್ ಎಂಬ ದೋಷದ ಕಡತವಿತ್ತು. ಅದನ್ನು ಮುದ್ರಿಸಿ ಓದುವುದು ಕಂಪನಿಯ ಎಂಜಿನಿಯರನ ಕೆಲಸವಾಗಿತ್ತು, ಅದಕ್ಕೆ ಅವನಿಗೆ ಸಂಬಳ. ಯಂತ್ರ ಚಿಕ್ಕದಾಗುತ್ತ ಮೇಜಿನ ಮೇಲೆ ಬಂತು, ಕಡತವೂ ಜೊತೆಗೇ ಬಂತು, ಎಂಜಿನಿಯರ್ ಮಾತ್ರ ಬರಲಿಲ್ಲ. ಆ ಜಾಗವನ್ನು ತಂತ್ರಾಂಶದಿಂದ ತುಂಬುವ ಯತ್ನಗಳು ನಡೆದವು. ಲಿನಕ್ಸ್‌ನ ಸ್ಮಾರ್ಟ್‌ಡಿ ಅರ್ಧ ಗಂಟೆಗೊಮ್ಮೆ ಡಿಸ್ಕನ್ನು ವಿಚಾರಿಸುತ್ತದೆ, ಎಣಿಕೆ ಏರಿದರೆ 'ರೂಟ್' ಎಂಬ ಬಳಕೆದಾರನಿಗೆ ಮೇಲ್ ಹಾಕುತ್ತದೆ. ಸಣ್ಣ ಕಚೇರಿಯ ಸರ್ವರಿನಲ್ಲಿ ಆ ಅಂಚೆಪೆಟ್ಟಿಗೆಯನ್ನು ತೆರೆದವರನ್ನು ನಾನಂತೂ ಕಂಡಿಲ್ಲ. ವಿಂಡೋಸ್‌ನಲ್ಲಿ ಒಂದು ಈವೆಂಟಿನ ಮೇಲೆ ಬಲ ಕ್ಲಿಕ್ ಮಾಡಿ 'ಅಟ್ಯಾಚ್ ಟಾಸ್ಕ್' ಎಂದರೆ, 7 ಅಥವಾ 52 ಬಂದ ಕೂಡಲೇ ನಮಗೆ ಬೇಕಾದ ಸ್ಕ್ರಿಪ್ಟ್ ಓಡುವಂತೆ ಮಾಡಬಹುದು. ಹತ್ತು ನಿಮಿಷದ ಕೆಲಸ, ಯಾರೂ ಮಾಡಿಸಿಕೊಳ್ಳುವುದಿಲ್ಲ. ಸಿಸಿಟಿವಿಯ ಡಿವಿಆರ್ ಡಿಸ್ಕ್ ಕೆಟ್ಟಾಗ ಕೀ ಕೀ ಎಂದು ಕೂಗಿಕೊಳ್ಳುತ್ತದೆ. ಕೂಗು ತಾಳಲಾರದೆ ಮೆನುವಿಗೆ ಹೋಗಿ ಬಜರ್ ಆಫ್ ಮಾಡಿಸಿದವರಿದ್ದಾರೆ. ಕಳ್ಳತನವಾದ ದಿನ ನೋಡಿದರೆ ರೆಕಾರ್ಡಿಂಗ್ ಎಂದೋ ನಿಂತಿರುತ್ತದೆ.

ಹೊರಗೆ ಇಟ್ಟುಕೊಳ್ಳುವ ಯುಎಸ್‌ಬಿ ಡಿಸ್ಕುಗಳಲ್ಲಿ ಇನ್ನೊಂದು ತೊಂದರೆ. ನಡುವಿನ ಯುಎಸ್‌ಬಿ ಚಿಪ್ ಕೆಲವು ಮಾದರಿಗಳಲ್ಲಿ ಸ್ಮಾರ್ಟ್ ವಿಚಾರಣೆಯನ್ನು ಒಳಗೆ ಬಿಡುವುದೇ ಇಲ್ಲ. ಹಲವು ಡಿಸ್ಕುಗಳನ್ನು ಒಂದಾಗಿ ತೋರಿಸುವ ರೈಡ್ ಕಾರ್ಡುಗಳೂ ಹೀಗೆಯೇ, ತಯಾರಕನದೇ ಸಾಧನವಿಲ್ಲದೆ ಹಿಂದಿನ ಡಿಸ್ಕುಗಳ ಸ್ಥಿತಿ ಆಪರೇಟಿಂಗ್ ಸಿಸ್ಟಮಿಗೆ ಕಾಣದು. ಇಷ್ಟರ ನಡುವೆ ಸ್ಥಳೀಯ ಡಿಸ್ಕುಗಳ ಮೇಲಿನ ಹೊರೆ ಏರುತ್ತಲೇ ಇದೆ. ಕಂದಾಯ ಇಲಾಖೆಯ ಭೂ ಸುರಕ್ಷಾ ಯೋಜನೆಯಲ್ಲಿ ದಾಖಲೆ ಕೊಠಡಿಗಳ ಹಳೆಯ ಕಡತಗಳು ಪುಟಪುಟವಾಗಿ ಸ್ಕ್ಯಾನ್ ಆಗುತ್ತಿವೆ. 2022ರಲ್ಲಿ ಕೇಂದ್ರ ಸಂಪುಟ ಒಪ್ಪಿದ 2,516 ಕೋಟಿ ರೂಪಾಯಿಯ ಯೋಜನೆಯಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಸಹಕಾರ ಸಂಘಗಳನ್ನು ಕಂಪ್ಯೂಟರಿಗೆ ತರುವ ಗುರಿಯಿತ್ತು. ಇವುಗಳ ಅಂತಿಮ ಪ್ರತಿ ದೂರದ ಸರ್ವರಿನಲ್ಲಿದ್ದರೂ, ಅಲ್ಲಿಗೆ ಹೋಗುವ ತನಕ ಪ್ರತಿ ಪುಟವೂ ಒಂದಲ್ಲ ಒಂದು ಸ್ಥಳೀಯ ಡಿಸ್ಕಿನ ಮೇಲೆ ಕೂತಿರುತ್ತದೆ.

ಕಚೇರಿಗಳೂ ಸಂಘಗಳೂ ಕಂಪ್ಯೂಟರ್ ನೋಡಿಕೊಳ್ಳಲು ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಕರಾರು ಮಾಡಿಕೊಳ್ಳುವುದು ರೂಢಿ. ಭೇಟಿಗೆ ಬಂದ ಹುಡುಗ ಧೂಳು ಹೊಡೆದು, ಆಂಟಿವೈರಸ್ ಅಪ್‌ಡೇಟ್ ಮಾಡಿ, ಹಾಳೆಯ ಮೇಲೆ ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಆ ಹಾಳೆಗೆ ಮೂರು ಕಲಂ ಸೇರಿಸಿದರೆ ಸಾಕು: 5, 197, 199. ಸರ್ವರ್ ಆಗಿದ್ದರೆ 192ನ್ನೂ ಸೇರಿಸಬಹುದು. ಎಸ್‌ಎಸ್‌ಡಿಯಾದರೆ ಸವೆತದ ಶೇಕಡಾವಾರು ಮತ್ತು ಮೀಡಿಯಾ ಎರರ್. ಕಳೆದ ಭೇಟಿಯ ಅಂಕಿ ಪಕ್ಕದಲ್ಲೇ ಇರಬೇಕು, ಹಾಳೆ ಕಂಪ್ಯೂಟರಿನೊಳಗಿರದೆ ಬೀರುವಿನಲ್ಲಿರಬೇಕು.